4, 5ನೇ ತರಗತಿ ಮಕ್ಕಳಿಂದ ಬ್ಲಾಗ್ ಬರೆಸಬಹುದಾ? ಮಾಡಿ ನೋಡಿದವರು ಹೇಳಿ

ಚಾಕ್‌ಪೀಸ್

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 4 ಮತ್ತು 5ನೇ ತರಗತಿಗೆ ಕನ್ನಡ, ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ಊರಿನ ದಾನಿಗಳೊಬ್ಬರು ಶಾಲೆಗೆ ಎರಡು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಕೊಟ್ಟಿದ್ದಾರೆ. ಸದ್ಯಕ್ಕೆ ನಡೆಯುತ್ತಿರುವುದು ಇಷ್ಟೇ: ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದೀಕ್ಷಾ (ಸರ್ಕಾರದ ಆನ್‌ಲೈನ್ ಪಾಠಗಳ ತಾಣ) ವಿಡಿಯೋ ಹಾಕುತ್ತೇವೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಬೆಲ್ ಹೊಡೆಯುತ್ತದೆ. ಎದ್ದು ಹೋಗುತ್ತಾರೆ.

ನೋಡುವುದು ಬಿಟ್ಟು ಮಕ್ಕಳೇ ಏನಾದರೂ ಮಾಡುವಂತಾಗಬೇಕು ಅಂತ ಆಸೆ. ತರಗತಿಗೊಂದು ಬ್ಲಾಗ್ ಮಾಡಿ, ಅವರು ಬರೆದದ್ದನ್ನು ಹಾಕಿದರೆ ಹೇಗೆ? ಸ್ಟಾಫ್ ರೂಮಿನಲ್ಲಿ ಹೇಳಿದರೆ "ಬ್ಲಾಗ್ ಈಗ ಯಾರು ಓದುತ್ತಾರೆ, ರೀಲ್ಸ್ ಮಾಡಿ ಮೇಡಂ" ಅಂತ ನಗುತ್ತಾರೆ. ಇಲ್ಲಿ ಯಾರಾದರೂ ಮಾಡಿದ್ದೀರಾ? ಎಲ್ಲಿಂದ ಶುರು ಮಾಡಬೇಕು?

ಬಿಡುವಿಲ್ಲದ ಮೇಷ್ಟ್ರು

ಮೇಡಂ, ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚಬೇಕು ಅಂತೇನಿಲ್ಲ. ಆದರೆ ಬೆಳಗ್ಗೆ ಹೋದ ತಕ್ಷಣ ಹಾಜರಾತಿ, ಆಮೇಲೆ ಹಾಲಿನ ಲೆಕ್ಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಬಿಸಿಯೂಟದ ಮಾಹಿತಿ, ಮಕ್ಕಳ ದಾಖಲೆ ಇಡುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಎಂಟ್ರಿ. ಇಷ್ಟರ ಮಧ್ಯೆ "ಅರ್ಜೆಂಟ್, ಮಧ್ಯಾಹ್ನದೊಳಗೆ ಕಳಿಸಿ" ಅಂತ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೊಂದು ಎಕ್ಸೆಲ್ ಶೀಟು. ನಮ್ಮ ಪಾಲಿಗೆ ತಂತ್ರಜ್ಞಾನ ಅಂದರೆ ಇದೇ. ನಮ್ಮದು ನಲಿ-ಕಲಿ (1ರಿಂದ 3ನೇ ತರಗತಿಯವರು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವುದು) ಜೊತೆಗೆ 4, 5 ಎರಡನ್ನೂ ಒಟ್ಟಿಗೆ ಕೂರಿಸಿ ಪಾಠ ಮಾಡುವ ಶಾಲೆ. 30 ಮಕ್ಕಳ ಬರಹ ಟೈಪ್ ಮಾಡುವವರು ಯಾರು? ನಾನೇ ಅಲ್ವಾ?

ಇನ್ನೊಂದು ಮಾತು. 4ನೇ ತರಗತಿಯಲ್ಲಿ ಒತ್ತಕ್ಷರ ಸರಿಯಾಗಿ ಬರೆಯಲು ಬಾರದ ಮಕ್ಕಳು ಇದ್ದಾರೆ. ಮೊದಲು ಓದು, ಬರಹ. ಬ್ಲಾಗ್ ಆಮೇಲೆ.

ಹಂಚಿನಮನೆ

ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಆದರೂ ನನ್ನ ಅನುಭವ ಬೇರೆ. ಶಿವಮೊಗ್ಗ ಜಿಲ್ಲೆಯ ಹಳ್ಳಿ ಶಾಲೆ ನಮ್ಮದು. ಕೆಲವು ವರ್ಷಗಳಿಂದ 5ನೇ ತರಗತಿಯದ್ದೊಂದು ಬ್ಲಾಗ್ ನಡೆಸುತ್ತಿದ್ದೇನೆ. ಲ್ಯಾಬ್ ಇಲ್ಲ. ನನ್ನ ಫೋನು, ಒಂದು ಹಳೇ ಲ್ಯಾಪ್‌ಟಾಪು ಅಷ್ಟೇ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಬ್ಲಾಗ್ ತೆರೆಯುವ ಮೊದಲು ಓದುಗರನ್ನು ಹುಡುಕಿ. ಹತ್ತು ಜನ ಸಾಕು. ವಾರಕ್ಕೊಮ್ಮೆ ನಿಜವಾಗಿ ಓದಿ, ಮಗುವಿಗೆ ಒಂದು ಪ್ರಶ್ನೆ ಕೇಳುವವರು ಬೇಕು. ಅವರಿಲ್ಲದಿದ್ದರೆ ಬ್ಲಾಗ್ ಮಾಡುವುದೇ ಬೇಡ, ಗೋಡೆ ಪತ್ರಿಕೆ ಎಷ್ಟೋ ವಾಸಿ.

ಯಾಕೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಒಬ್ಬ ಹುಡುಗಿ ಮೊದಲ ಸಲ ಬರೆದುಕೊಂಡು ಬಂದದ್ದು ಇದು: "ಎಮ್ಮೆ ಒಂದು ಸಾಕು ಪ್ರಾಣಿ. ಎಮ್ಮೆಗೆ ನಾಲ್ಕು ಕಾಲುಗಳು ಇವೆ. ಎಮ್ಮೆ ನಮಗೆ ಹಾಲು ಕೊಡುತ್ತದೆ." ಪರೀಕ್ಷೆಗೆ ಇಷ್ಟು ಸಾಕು, ಪೂರ್ತಿ ಅಂಕ. ಹಾಗೇ ಹಾಕಿದೆವು. ಉಡುಪಿ ಕಡೆಯ ಒಂದು ಶಾಲೆಯ ಮಕ್ಕಳು ಕಮೆಂಟ್ ಹಾಕಿದರು: "ನಿಮ್ಮ ಎಮ್ಮೆಗೆ ಹೆಸರು ಉಂಟಾ? ಅದು ರಾತ್ರಿ ಎಲ್ಲಿ ಮಲಗುತ್ತದೆ?"

ಮುಂದಿನ ವಾರ ಅದೇ ಹುಡುಗಿ ಬರೆದದ್ದು ಹೀಗಿತ್ತು: "ನಮ್ಮ ಎಮ್ಮೆ ಹೆಸರು ಕೆಂಚಿ. ಕೊಟ್ಟಿಗೆಯಲ್ಲಿ ಮಲಗುತ್ತದೆ. ಮೊನ್ನೆ ರಾತ್ರಿ ಕರು ಹಾಕಿತು. ಅಪ್ಪ ಬ್ಯಾಟರಿ ಬಿಡು ಅಂದರು. ಮೊದಲು ಕಾಲು ಬಂತು, ನಂಗೆ ಹೆದರಿಕೆ ಆಯ್ತು. ಆಮೇಲೆ ಮೂಗು ಬಂತು. ಅಜ್ಜಿ ಗಿಣ್ಣು ಮಾಡಿದರು. ನಾನು ಎರಡು ಸಲ ಹಾಕಿಸಿಕೊಂಡೆ."

ನಾನು ಇದಕ್ಕೆ ಏನೂ ಪಾಠ ಮಾಡಿರಲಿಲ್ಲ. "ವಿವರವಾಗಿ ಬರೆಯಿರಿ" ಅಂತ ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಬಾರದ್ದು ಒಂದು ಪ್ರಶ್ನೆಗೆ ಬಂತು. ಎಮ್ಮೆಗೆ ನಾಲ್ಕು ಕಾಲು ಅನ್ನುವುದು ಮೇಷ್ಟ್ರಿಗೆ ಗೊತ್ತೇ ಇದೆ. ಮಗುವಿಗೂ ಅದು ಗೊತ್ತು. ಗೊತ್ತಿರುವವರಿಗೆ ಬರೆಯುವಾಗ ಮಗು ಸುಮ್ನೆ ಒಪ್ಪಿಸುತ್ತದೆ. ಗೊತ್ತಿಲ್ಲದವರು ಕೇಳಿದಾಗ ಹೇಳುತ್ತದೆ. ಆಮೇಲೆ ಉಡುಪಿ ಮಕ್ಕಳು ಗಿಣ್ಣು ಗಟ್ಟಿ ಆಗುವುದು ಹೇಗೆ ಅಂತ ಕೇಳಿದರು. ಹುಡುಗಿ ಅಜ್ಜಿಯ ಬೆನ್ನು ಬಿದ್ದಳು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸುವುದು, ಮೂರನೇ ದಿನದ ಹಾಲಾದರೆ ಅಷ್ಟು ಗಟ್ಟಿ ಬರುವುದಿಲ್ಲ ಎನ್ನುವುದು, ಎಲ್ಲ ಬಂತು. ಪರಿಸರ ಅಧ್ಯಯನದ ಪಾಠವೇ ಆಯ್ತಲ್ಲ.

ಇನ್ನು ಕೆಲಸದ ಲೆಕ್ಕ. 30 ಬರಹ ಟೈಪ್ ಮಾಡುವುದಿಲ್ಲ. ಎಲ್ಲರೂ ನೋಟ್‌ಬುಕ್ಕಿನಲ್ಲೇ ಬರೆಯುತ್ತಾರೆ. ವಾರಕ್ಕೆ ನಾಲ್ಕೈದು ಮಕ್ಕಳ ಸರದಿ. ಪುಟದ ಫೋಟೋ ತೆಗೆದು ಹಾಕುತ್ತೇನೆ, ಕೆಳಗೆ ಒಂದೆರಡು ಸಾಲು ಅವರೇ ಟೈಪ್ ಮಾಡುತ್ತಾರೆ. ಕಮೆಂಟುಗಳನ್ನು ಶನಿವಾರ ಬೆಳಗಿನ ತರಗತಿಯಲ್ಲಿ ಎಲ್ಲರ ಮುಂದೆ ಓದುತ್ತೇವೆ. ನೆಟ್ ಇಲ್ಲದ ದಿನ ಸ್ಕ್ರೀನ್‌ಶಾಟ್ ನೋಡಿ ಓದುತ್ತೇವೆ.

ಚಾಕ್‌ಪೀಸ್

ಕೆಂಚಿ ಕಥೆ ಓದಿ ಖುಷಿ ಆಯ್ತು. ಆದರೆ ಆ ಉಡುಪಿ ಶಾಲೆ ಸಿಕ್ಕಿದ್ದು ಹೇಗೆ? ನನಗೆ ಗೊತ್ತಿರುವ ಟೀಚರುಗಳೆಲ್ಲ ನಮ್ಮ ಕ್ಲಸ್ಟರಿನವರೇ, ಅಂದರೆ ಸುತ್ತಮುತ್ತಲ ಶಾಲೆಗಳವರೇ. ಅವರ ಮಕ್ಕಳಿಗೂ ಎಮ್ಮೆ, ಗಿಣ್ಣ ಎಲ್ಲ ಗೊತ್ತು.

ಹಂಚಿನಮನೆ

ತರಬೇತಿಯಲ್ಲಿ ಪರಿಚಯವಾದ ಟೀಚರ್ ಅವರು. ದೂರದವರಾದಷ್ಟೂ ಒಳ್ಳೆಯದು. ಕಡಲು ನೋಡದ ಮಕ್ಕಳು ಒಂದು ಕಡೆ, ಕೆಂಪು ಮೆಣಸಿನಕಾಯಿ ಕಣ ನೋಡದವರು ಇನ್ನೊಂದು ಕಡೆ ಇದ್ದರೆ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ನೀವು ಹಾವೇರಿಯವರು, ಬ್ಯಾಡಗಿ ಪಕ್ಕದಲ್ಲೇ ಇದೆ. ನಿಮ್ಮ ಮಕ್ಕಳ ಹತ್ತಿರ ಬೇಕಾದಷ್ಟು ಸರಕು ಇದೆ ಬಿಡಿ.

ಇದು ಹೊಸ ಉಪಾಯವೂ ಅಲ್ಲ. ಫ್ರಾನ್ಸ್‌ನಲ್ಲಿ ಸೆಲೆಸ್ಟಿನ್ ಫ್ರೆನೆ ಅನ್ನುವ ಹಳ್ಳಿ ಮೇಷ್ಟ್ರು 1920ರ ದಶಕದಲ್ಲೇ ಇದನ್ನು ಮಾಡಿದ್ದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿತ್ತು, ಜಾಸ್ತಿ ಹೊತ್ತು ನಿಂತು ಮಾತಾಡಲು ಆಗುತ್ತಿರಲಿಲ್ಲ. ತರಗತಿಗೆ ಒಂದು ಸಣ್ಣ ಮುದ್ರಣ ಯಂತ್ರ ತಂದರು. ಮಕ್ಕಳು ತಾವು ಕಂಡದ್ದನ್ನು ಬರೆದು, ಅಚ್ಚಿನ ಮೊಳೆ ಒಂದೊಂದೇ ಜೋಡಿಸಿ, ಮುದ್ರಿಸಿ, ದೇಶದ ಇನ್ನೊಂದು ಮೂಲೆಯಲ್ಲಿದ್ದ ಬ್ರಿಟನಿಯ ಶಾಲೆಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅಲ್ಲಿಂದ ಉತ್ತರ ಬರುತ್ತಿತ್ತು. ನೂರು ವರ್ಷದ ಹಿಂದಿನ ಬ್ಲಾಗ್ ಅನ್ನಿ. ಅಂಚೆಯಣ್ಣನೇ ಇಂಟರ್‌ನೆಟ್ಟು!

ಕಾಸರಗೋಡಿನವ

ಕೇರಳದ ಮಾತು ಬಂದೇ ಇಲ್ಲ, ಹಾಗಾಗಿ ನಾನು ಹೇಳುತ್ತೇನೆ. ಇಲ್ಲಿ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್‌ನವರು ನಡೆಸುವ ಸ್ಕೂಲ್‌ವಿಕಿ ಅನ್ನುವ ಜಾಲತಾಣ ಇದೆ. ಒಂದೊಂದು ಶಾಲೆಗೂ ಒಂದೊಂದು ಪುಟ. ಶಾಲೆಯ ಇತಿಹಾಸ, ಊರಿನ ವಿಷಯ, ಮಕ್ಕಳ ಬರಹ ಎಲ್ಲ ಅದರಲ್ಲಿ ಹಾಕುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ 'ಅಕ್ಷರವೃಕ್ಷಂ' ಅಂತ ಒಂದು ಯೋಜನೆ ಮಾಡಿ ಮನೆಯಲ್ಲಿ ಕೂತ ಮಕ್ಕಳಿಂದ ಕಥೆ, ಕವಿತೆ, ಲೇಖನ ತರಿಸಿಕೊಂಡು ಹಾಕಿದರು. ಸಾವಿರಗಟ್ಟಲೆ ಬಂದವು. ಚಿಕ್ಕ ತರಗತಿಗಳಿಗೆ 'ಕಳಿಪ್ಪೆಟ್ಟಿ' ಅಂತ ಕಂಪ್ಯೂಟರ್ ಪುಸ್ತಕವೇ ಇದೆ. ಆಟ, ಚಿತ್ರ ಬಿಡಿಸುವುದು, ಅಕ್ಷರ ಒತ್ತುವುದು, ಎಲ್ಲ ಮುಕ್ತ ತಂತ್ರಾಂಶದಲ್ಲಿ.

ಆದರೆ ಒಂದು ನಿಜ ಹೇಳಬೇಕು. ಅಷ್ಟೊಂದು ಬರಹ ಬಂದರೂ ಹೆಚ್ಚಿನವು ಸ್ವಚ್ಛತೆ, ಕೊರೊನಾ ಜಾಗೃತಿ ಇಂಥವೇ. ವಿಷಯ ಮೇಲಿನಿಂದ ಕೊಟ್ಟರೆ ಹಾಗೆಯೇ ಆಗುವುದು. ಹಂಚಿನಮನೆಯವರ ಕೆಂಚಿ ಅಂಥದ್ದು ಅಲ್ಲಿ ಹುಡುಕಿ ಹುಡುಕಿ ಓದಬೇಕು.

ಟೈಪಿಂಗ್ ತಾತ

ನಿವೃತ್ತ ಮುಖ್ಯಶಿಕ್ಷಕ. ಮೊಮ್ಮಕ್ಕಳಿಗೆ, ಊರಿನ ಶಾಲೆಯ ಮಕ್ಕಳಿಗೆ ಕನ್ನಡ ಟೈಪಿಂಗ್ ಹೇಳಿಕೊಡುತ್ತೇನೆ. ಒಂದೇ ಒಂದು ಸಲಹೆ: ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಲಿಪ್ಯಂತರ ಕೀಲಿಮಣೆಯನ್ನು ಚಿಕ್ಕ ಮಕ್ಕಳಿಗೆ ಕೊಡಬೇಡಿ. 'ಅಮ್ಮ' ಅಂತ ಬರೆಯಲು ಎ, ಎಂ, ಎಂ, ಎ ಅಂತ ಯೋಚಿಸಬೇಕು. ಕನ್ನಡ ಮಾಧ್ಯಮದ ಮಗು ಇಂಗ್ಲಿಷ್ ಸ್ಪೆಲಿಂಗಿನ ದಾರಿ ಹಿಡಿದು ಕನ್ನಡಕ್ಕೆ ಬರಬೇಕಾ? ಎಂಥ ಅನ್ಯಾಯ.

ಕಗಪ, ಅಂದರೆ ನುಡಿ ಕೀಲಿಮಣೆ ಹಾಕಿಕೊಡಿ. ಒಂದು ಕೀಲಿಗೆ ಒಂದು ಅಕ್ಷರ. ಕ ಅಂದರೆ ಕ, ಮ ಅಂದರೆ ಮ. ಒತ್ತು ಬೇಕಾದರೆ ಮಧ್ಯೆ ಎಫ್ ಕೀಲಿ. ಅ, ಮ, ಎಫ್, ಮ ಒತ್ತಿದರೆ 'ಅಮ್ಮ' ಬಂತು. ಕೀಲಿಗಳ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿ, ಅಥವಾ ರಟ್ಟಿನ ಮೇಲೆ ಕೀಲಿಮಣೆ ಬರೆದು ಲ್ಯಾಪ್‌ಟಾಪ್ ಪಕ್ಕ ಇಡಿ.

ಇದರಲ್ಲಿ ಒಂದು ಚಂದ ಇದೆ. ಕೈಯಲ್ಲಿ 'ಸೂರ್ಯ' ಬರೆಯುವಾಗ ಮಕ್ಕಳು ಮೊದಲು ಯ ಬರೆದು ಆಮೇಲೆ ಅರ್ಕಾವತ್ತು ಕೊಡುತ್ತಾರೆ. ಟೈಪ್ ಮಾಡುವಾಗ ರ ಮೊದಲು, ಆಮೇಲೆ ಎಫ್, ಆಮೇಲೆ ಯ. ಹುಡುಗನೊಬ್ಬ ಯ ಮೊದಲು ಒತ್ತಿ 'ಸೂಯ್ರ' ಅಂತ ಬಂದಾಗ ಬಿದ್ದು ಬಿದ್ದು ನಕ್ಕ. ಆಮೇಲೆ ತಾನೇ ಜೋರಾಗಿ ಹೇಳಿ ನೋಡಿ, "ತಾತಾ, ರ ಮುಂದೆ ಇದೆ!" ಅಂದ. ಆಮೇಲೆ ಕಾರ್ಯ, ವರ್ಷ, ಮಾರ್ಗ ಎಲ್ಲ ಒತ್ತಿ ಒತ್ತಿ ನೋಡಿದ. ಮೇಷ್ಟ್ರೇ, ಒತ್ತಕ್ಷರ ಬಾರದ ಮಕ್ಕಳು ಅಂದಿರಲ್ಲ, ಅವರಿಗೇ ಇದನ್ನು ಮೊದಲು ಕೊಡಿ.

ಇನ್ನೊಂದು ಎಚ್ಚರಿಕೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳು ಶಾಲೆಗಳಲ್ಲಿ ಬೇಕಾದಷ್ಟಿವೆ. ಅದನ್ನು ಹಾಗೇ ಕಾಪಿ ಮಾಡಿ ಬ್ಲಾಗಿಗೆ ಹಾಕಿದರೆ ಕಸದಂತೆ ಕಾಣುತ್ತದೆ. ಯೂನಿಕೋಡಿಗೆ, ಅಂದರೆ ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿಯೇ ಹಾಕಬೇಕು. ಹೊಸದಾಗಿ ಬರೆಯುವುದಾದರೆ ಶುರುವಿನಿಂದಲೇ ಯೂನಿಕೋಡ್.

ಬಿಡುವಿಲ್ಲದ ಮೇಷ್ಟ್ರು

ತಾತ, 'ಸೂಯ್ರ' ಉಪಾಯ ನಾಳೆಯೇ ಮಾಡಿ ನೋಡುತ್ತೇನೆ. ಬ್ಲಾಗಿನ ಮಾತು ಆಮೇಲೆ. ಫೋನಿನಲ್ಲಿ ಮಾತಾಡಿದರೆ ತಾನೇ ಟೈಪ್ ಆಗುತ್ತದಲ್ಲ, ಅದನ್ನು ಬಳಸಬಾರದಾ?

ಹಂಚಿನಮನೆ

ಬಳಸಬಹುದು, ನನಗೆ ಅಷ್ಟು ಹಿಡಿಸಲಿಲ್ಲ. ಪುಸ್ತಕದ ಭಾಷೆಯಲ್ಲಿ ನಿಧಾನಕ್ಕೆ ಹೇಳಿದರೆ ಸರಿಯಾಗಿ ಬರುತ್ತದೆ. ಮಗು ಮನೆಯ ಮಾತಿನಲ್ಲಿ ಹೇಳಿದರೆ ಏನೇನೋ ಮೂಡುತ್ತದೆ. ಆಗ ಮಗು ಫೋನಿಗೆ ಅರ್ಥವಾಗುವ ಹಾಗೆ ತನ್ನ ಮಾತನ್ನು ಬದಲಾಯಿಸಿಕೊಳ್ಳುತ್ತದೆ. ಬರೆಯಲು ತುಂಬಾ ಕಷ್ಟಪಡುವ ಮಕ್ಕಳಿಗೆ ಮಾತ್ರ ಕೊಡುತ್ತೇನೆ. ಆಮೇಲೆ ಇಬ್ಬರೂ ಕೂತು ತಿದ್ದುತ್ತೇವೆ. ಧ್ವನಿ ರೆಕಾರ್ಡ್ ಮಾಡಿ ಹಾಗೇ ಹಾಕಿದರೆ ಇನ್ನೂ ಚೆನ್ನ.

ಕಡಲತಡಿ

ಮನೆಯ ಮಾತು ಅಂದಿರಲ್ಲ, ಅಲ್ಲೇ ನನ್ನ ಪ್ರಶ್ನೆ. ಎಷ್ಟು ತಿದ್ದಬೇಕು? ನಮ್ಮ ಮಕ್ಕಳ ಮನೆಮಾತು ಕುಂದಾಪ್ರ ಕನ್ನಡ, ತುಳು, ಕೊಂಕಣಿ. ಹಾಗೇ ಹಾಕಿದರೆ "ಟೀಚರ್ ತಿದ್ದಿಲ್ಲ" ಅಂತ ಪೋಷಕರು ಹೇಳುತ್ತಾರೆ. ಪೂರ್ತಿ ತಿದ್ದಿದರೆ ಅದು ನನ್ನ ಬರಹ ಆಗುತ್ತದೆ.

ಹಂಚಿನಮನೆ

ನಾನು ತಿದ್ದುವುದು ಕಾಗುಣಿತ, ಒತ್ತು, ಪೂರ್ಣವಿರಾಮ. ಅದೂ ಮಗುವಿನ ಕೈಯಿಂದಲೇ. ಮಾತು ಮುಟ್ಟುವುದಿಲ್ಲ. "ಕೊಟ್ಟಿಗೆ ಬಳಿಯೋಕೆ ಹೋದೆ" ಅಂತ ಬರೆದರೆ "ಬಳಿಯಲು ಹೋದೆನು" ಅಂತ ಮಾಡುವುದಿಲ್ಲ. 'ಹಾಲು' ಬದಲು 'ಆಲು' ಅಂತ ಬರೆದರೆ ಮಾತ್ರ ತಿದ್ದಿಸುತ್ತೇನೆ, ಓದುವವರಿಗೆ ಗೊತ್ತಾಗಬೇಕಲ್ಲ. ಊರಿನ ಪದ ಬಂದರೆ ಕೆಳಗೆ ಮಗುವೇ ಅರ್ಥ ಬರೆಯುತ್ತದೆ. ಹಾಳೆಯ ಫೋಟೋ ಪಕ್ಕದಲ್ಲೇ ಇರುತ್ತದೆ, ಹಾಗಾಗಿ ಏನು ತಿದ್ದಿದ್ದೇವೆ ಅಂತ ಎಲ್ಲರಿಗೂ ಕಾಣುತ್ತದೆ.

ನಿಜವಾದ ತೊಂದರೆ ಕೊಟ್ಟವರು ದೊಡ್ಡವರು. ಒಬ್ಬರು ಬಂದು "ಶ, ಷ ವ್ಯತ್ಯಾಸ ತಿಳಿಯದವರು ಬರೆಯಬಾರದು" ಅಂತ 10 ವರ್ಷದ ಹುಡುಗನಿಗೆ ಕಮೆಂಟ್ ಹಾಕಿದರು. ಅದನ್ನು ಮಕ್ಕಳಿಗೆ ತೋರಿಸಲೇ ಇಲ್ಲ. ಇನ್ನು ಕೆಲವರು ಒಳ್ಳೆಯವರೇ, ಆದರೆ ಎಲ್ಲಕ್ಕೂ "ಸೂಪರ್ ಪುಟ್ಟ, ನಿನ್ನ ಭವಿಷ್ಯ ಉಜ್ವಲವಾಗಲಿ" ಅಂತಾರೆ. ಮೊದಲ ಸಲ ಮಕ್ಕಳಿಗೆ ಖುಷಿ. ಎಲ್ಲರಿಗೂ ಅದೇ ಬಂದಿದೆ ಅಂತ ಗೊತ್ತಾದ ಮೇಲೆ ಓದುವುದೇ ಬಿಟ್ಟರು. ಓದುಗರಿಗೆ ನಾನೀಗ ಮೊದಲೇ ಹೇಳಿಬಿಡುತ್ತೇನೆ: ಹೊಗಳಬೇಡಿ, ಬೈಯಬೇಡಿ, ನಿಮಗೆ ಗೊತ್ತಿಲ್ಲದ್ದು ಒಂದು ಕೇಳಿ.

ಇಬ್ಬರು ಮಕ್ಕಳ ಅಪ್ಪ

ನಾನು ಟೀಚರಲ್ಲ, ಪೋಷಕ. ಸಾಫ್ಟ್‌ವೇರ್ ಕೆಲಸ. ಇಷ್ಟೆಲ್ಲ ಚರ್ಚೆಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನನ್ನ ಮಗಳ ಶಾಲೆಯವರು ನಮ್ಮನ್ನು ಕೇಳದೆ ಅವಳ ಫೋಟೋ, ಪೂರ್ತಿ ಹೆಸರು, ತರಗತಿ ಎಲ್ಲ ಸೇರಿಸಿ ಫೇಸ್‌ಬುಕ್‌ನಲ್ಲಿ ಹಾಕಿದ್ದರು. ತೆಗೆಸಲು ಸಾಕುಬೇಕಾಯ್ತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಗೂಗಲ್ ಖಾತೆಯನ್ನು ಮಕ್ಕಳು ತಾವಾಗಿ ತೆರೆಯಲು 13 ವರ್ಷ ಆಗಿರಬೇಕು. 5ನೇ ತರಗತಿ ಮಗುವಿನ ವಯಸ್ಸು ಸುಳ್ಳು ಹೇಳಿ ಜಿಮೇಲ್ ಮಾಡಿಕೊಡುವ ಟೀಚರುಗಳನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಟೀಚರ್ ಹೆಸರಿನ ಒಂದೇ ಖಾತೆ ಸಾಕು. ಮುಖ ಕಾಣುವ ಫೋಟೋ ಬೇಡ. ಶಾಲೆಯ ಹೆಸರು, ಮಗುವಿನ ಪೂರ್ತಿ ಹೆಸರು ಎರಡೂ ಒಟ್ಟಿಗೆ ಬರಬಾರದು. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ, ಇಲ್ಲದಿದ್ದರೆ ಎಲ್ಲಿ ತೆಗೆದದ್ದು ಅಂತ ಫೋಟೋದ ಒಳಗೇ ಕೂತಿರುತ್ತದೆ. ಕಮೆಂಟ್ ಮಾಡರೇಶನ್ 'ಯಾವಾಗಲೂ' ಅಂತ ಇಡಿ, ಆಗ ನೀವು ನೋಡಿ ಒಪ್ಪಿದ ಕಮೆಂಟ್ ಮಾತ್ರ ಕಾಣುತ್ತದೆ.

ಹಂಚಿನಮನೆ

ಪೂರ್ತಿ ಒಪ್ಪುತ್ತೇನೆ. ನಮ್ಮಲ್ಲಿ ಮಕ್ಕಳೇ ಒಂದೊಂದು ಹೆಸರು ಇಟ್ಟುಕೊಂಡಿದ್ದಾರೆ: ಮಿಂಚುಳ್ಳಿ, ಹಲಸಿನ ಬೀಜ, ಬಸ್ ಡ್ರೈವರ್. ಜೂನ್‌ನಲ್ಲಿ ಪೋಷಕರ ಸಭೆಯಲ್ಲಿ ಬ್ಲಾಗ್ ತೆರೆದು ತೋರಿಸಿ, ಸಹಿ ತೆಗೆದುಕೊಳ್ಳುತ್ತೇನೆ. ಎಸ್‌ಡಿಎಂಸಿ (ಶಾಲೆಯ ಮೇಲುಸ್ತುವಾರಿ ಸಮಿತಿ) ನಡಾವಳಿಯಲ್ಲೂ ಬರೆಸಿದ್ದೇನೆ. ಇಬ್ಬರು ತಾಯಂದಿರು ಬೇಡ ಅಂದರು. ಆ ಮಕ್ಕಳ ಬರಹ ಗೋಡೆ ಪತ್ರಿಕೆಗೆ ಹೋಗುತ್ತದೆ, ಅಷ್ಟೇ. ಯಾಕೆ ಬೇಡ ಅಂತ ನಾನು ಕೆದಕಲಿಲ್ಲ.

ಬಿಡುವಿಲ್ಲದ ಮೇಷ್ಟ್ರು

ಅದೆಲ್ಲ ಸರಿ. ಮಕ್ಕಳು ಕಂಡದ್ದನ್ನೇ ಬರೆಯುತ್ತಾರೆ ಅಂದುಕೊಳ್ಳಿ. "ಇವತ್ತು ಸಾಂಬಾರ್ ನೀರು ನೀರಾಗಿತ್ತು" ಅಂತ ಬರೆದರೆ? ಮಗುವಿಗೆ ಏನೂ ಆಗುವುದಿಲ್ಲ, ನೋಟಿಸ್ ಬರುವುದು ನನಗೆ.

ಕಡಲತಡಿ

ಮೇಷ್ಟ್ರೇ, ಇದು ಹೊರದೇಶದಲ್ಲಿ ಆಗಿಹೋಗಿದೆ! 2012ರಲ್ಲಿ ಸ್ಕಾಟ್ಲೆಂಡಿನ 9 ವರ್ಷದ ಮಾರ್ಥಾ ಪೇನ್ ಅನ್ನುವ ಹುಡುಗಿ 'ನೆವರ್ ಸೆಕೆಂಡ್ಸ್' ಅಂತ ಬ್ಲಾಗ್ ಶುರು ಮಾಡಿದಳು. ದಿನಾ ಶಾಲೆಯ ಮಧ್ಯಾಹ್ನದ ಊಟದ ಫೋಟೋ ಹಾಕಿ ಅಂಕ ಕೊಡುತ್ತಿದ್ದಳು. ರುಚಿಗೆ ಇಷ್ಟು, ಆರೋಗ್ಯಕ್ಕೆ ಇಷ್ಟು, ಎಷ್ಟು ತುತ್ತು ಸಿಕ್ಕಿತು, ತಟ್ಟೆಯಲ್ಲಿ ಕೂದಲು ಸಿಕ್ಕಿತಾ, ಎಲ್ಲ ಲೆಕ್ಕ. ಲಕ್ಷಾಂತರ ಜನ ಓದಿದರು. ಅಲ್ಲಿನ ಸ್ಥಳೀಯ ಆಡಳಿತ ಫೋಟೋ ತೆಗೆಯಬಾರದು ಅಂತ ತಡೆಯಿತು. ಜನ ಗಲಾಟೆ ಮಾಡಿದ ಮೇಲೆ ಬೇಗನೇ ಆ ಆದೇಶ ವಾಪಸ್ ಪಡೆಯಿತು. ಆ ಗದ್ದಲದಲ್ಲಿ ಆಫ್ರಿಕಾದ ಮಲಾವಿಯ ಶಾಲಾ ಊಟಕ್ಕೆ ಒಂದು ಲಕ್ಷ ಪೌಂಡಿಗಿಂತ ಹೆಚ್ಚು ದೇಣಿಗೆ ಕೂಡಿತು.

ಬಿಡುವಿಲ್ಲದ ಮೇಷ್ಟ್ರು

ಅಲ್ಲಿ ಗಲಾಟೆ ಮಾಡಲು ಜನ ಇದ್ದರು. ಇಲ್ಲಿ ನನ್ನ ಪರ ಗಲಾಟೆ ಮಾಡುವವರು ಯಾರು, ನೀವಾ? 😀

ಹಂಚಿನಮನೆ

ಮೇಷ್ಟ್ರ ಭಯ ಸುಳ್ಳಲ್ಲ. ನಾನು ಈ ವಿಷಯದಲ್ಲಿ ದೊಡ್ಡ ಧೈರ್ಯಶಾಲಿ ಏನಲ್ಲ. ಸಾಂಬಾರ್ ಬಗ್ಗೆ ಬರೆದರೆ ಮೊದಲು ಅಡುಗೆಯವರಿಗೆ ಓದಿ ಹೇಳುತ್ತೇನೆ. ಒಂದು ಸಲ ಮಕ್ಕಳು ಅಡುಗೆ ಅಕ್ಕನನ್ನೇ ಸಂದರ್ಶನ ಮಾಡಿದರು. ಬೇಳೆ ಎಷ್ಟು ಬರುತ್ತದೆ, ಎಷ್ಟು ಮಕ್ಕಳಿಗೆ ಹಂಚಬೇಕು ಅಂತ ಕೇಳಿ ಬರೆದರು. ಸಾಂಬಾರ್ ಯಾಕೆ ತೆಳು ಅಂತ ಅದರಲ್ಲೇ ಗೊತ್ತಾಯ್ತು. ಯಾರಿಗೂ ನೋಟಿಸ್ ಬರಲಿಲ್ಲ.

ನುಡಿಗಿಡ

ಖಾಸಗಿ ಶಾಲೆ ಟೀಚರ್. ನಮ್ಮಲ್ಲಿ ಹಾರ್ಡ್‌ವೇರಿಗೆ ಕೊರತೆ ಇಲ್ಲ, ಸಮಸ್ಯೆ ಬೇರೆ. ಈಗ ಮನೆಯಲ್ಲಿ ಅಪ್ಪ-ಅಮ್ಮ ಚಾಟ್‌ಜಿಪಿಟಿಯಿಂದ ಬರೆಸಿ ಕಳಿಸುತ್ತಾರೆ. "ನನ್ನ ಅಜ್ಜಿಯ ಊರು" ಬರೆದು ತಾ ಅಂದರೆ 4ನೇ ತರಗತಿಯವನು "ಪ್ರಕೃತಿಯ ಮಡಿಲಲ್ಲಿ ನೆಲೆಸಿರುವ ಸುಂದರ ಗ್ರಾಮ, ಸುಸ್ಥಿರ ಜೀವನಶೈಲಿಗೆ ಮಾದರಿ" ಅಂತ ತಂದ. ಸುಸ್ಥಿರ ಅಂದರೇನಪ್ಪ ಅಂದೆ. "ಸುಸ್ತಾಗುವುದು ಮಿಸ್" ಅಂದ.

ಹಂಚಿನಮನೆ

😂 ಅದಕ್ಕೇ ಬರೆಯುವುದು ತರಗತಿಯಲ್ಲೇ ಆಗಬೇಕು, ಮನೆಗೆ ಕಳಿಸಬಾರದು. ಅದೂ ಅಲ್ಲದೆ "ಅಜ್ಜಿ ಮನೆಯ ಬಾಗಿಲು ಯಾವ ಬಣ್ಣ?" ಅಂತ ಇನ್ನೊಂದು ಶಾಲೆಯ ಹುಡುಗಿ ಕೇಳಿದರೆ ಯಂತ್ರ ಏನು ಹೇಳುತ್ತದೆ ಪಾಪ.

ಚಾಕ್‌ಪೀಸ್

ಎಲ್ಲರಿಗೂ ಥ್ಯಾಂಕ್ಸ್. ಸಾಕಷ್ಟು ಗೊಂದಲ ಬಗೆಹರಿಯಿತು. ನನಗೆ ಉಳಿದಿರುವುದು ಒಂದೇ, ಓದುಗರು. ಹಂಚಿನಮನೆ ಮೇಡಂ, ಕಡಲತಡಿ ಅವರೇ, ನಿಮ್ಮ ತರಗತಿಗಳ ಜೊತೆ ನಮ್ಮ ಮಕ್ಕಳನ್ನು ಸೇರಿಸಿಕೊಳ್ಳುತ್ತೀರಾ?

ಹಂಚಿನಮನೆ

ಖಂಡಿತ. ಇಂಗ್ಲೆಂಡಿನ ಬೋಲ್ಟನ್‌ನಲ್ಲಿ ಡೇವಿಡ್ ಮಿಚೆಲ್ ಅನ್ನುವ ಪ್ರಾಥಮಿಕ ಶಾಲಾ ಶಿಕ್ಷಕರು 'ಕ್ವಾಡ್‌ಬ್ಲಾಗಿಂಗ್' ಅಂತ ಒಂದು ಪದ್ಧತಿ ಮಾಡಿದ್ದರು. ನಾಲ್ಕು ಶಾಲೆಗಳ ಒಂದು ಗುಂಪು. ಒಂದು ವಾರ ಒಂದು ಶಾಲೆ ಬರೆಯುತ್ತದೆ, ಉಳಿದ ಮೂರು ಶಾಲೆಯ ಮಕ್ಕಳು ಓದಿ ಕಮೆಂಟ್ ಹಾಕುತ್ತಾರೆ. ಮುಂದಿನ ವಾರ ಸರದಿ ಬದಲು. ತಿಂಗಳಿಗೆ ಒಂದೇ ವಾರ ಬರೆಯುವ ಕೆಲಸ, ಹಾಗಾಗಿ ಟೀಚರಿಗೆ ಹೊರೆ ಇಲ್ಲ. ನಾವೂ ಹಾಗೆ ಮಾಡೋಣ. ಮಲೆನಾಡು, ಹಾವೇರಿ, ಕರಾವಳಿ ಆಯ್ತು. ನಾಲ್ಕನೆಯದು ಬೇಕು.

ಕಾಸರಗೋಡಿನವ

ಇಲ್ಲಿನ ಒಂದು ಕನ್ನಡ ಮಾಧ್ಯಮ ಎಲ್‌ಪಿ ಶಾಲೆಯಲ್ಲಿ ನನ್ನ ಅಕ್ಕ ಟೀಚರ್. ಕೇಳಿ ಹೇಳುತ್ತೇನೆ. ಎಲ್‌ಪಿ ಅಂದರೆ 4ರವರೆಗೆ ಮಾತ್ರ, ಪರವಾಗಿಲ್ಲವಾ?

ಹಂಚಿನಮನೆ

ಪರವಾಗಿಲ್ಲ. 4ನೇ ತರಗತಿಯವರು ಕೇಳುವ ಪ್ರಶ್ನೆಗಳೇ ಜಾಸ್ತಿ ಚೆನ್ನಾಗಿರುತ್ತವೆ.

ಬಿಡುವಿಲ್ಲದ ಮೇಷ್ಟ್ರು

ಬರೆಯುವ ಸರದಿ ನನಗೆ ಬೇಡ. ಕಮೆಂಟ್ ಹಾಕುವ ಕೆಲಸಕ್ಕೆ ಮಾತ್ರ ನಮ್ಮ ಮಕ್ಕಳನ್ನು ಸೇರಿಸಿಕೊಳ್ಳಿ. ವಾರಕ್ಕೆ ಮೂರು ಪ್ರಶ್ನೆ ಬೋರ್ಡಿನ ಮೇಲೆ ಬರೆಸಿ, ಫೋಟೋ ಕಳಿಸುತ್ತೇನೆ. ಟೈಪ್ ಮಾಡುವವರು ನೀವೇ.

ಚಾಕ್‌ಪೀಸ್

ಆಗಲಿ ಮೇಷ್ಟ್ರೇ, ನಾನು ಮಾಡುತ್ತೇನೆ. ದಸರಾ ರಜೆ ಮುಗಿದ ಮೇಲೆ ಶುರು ಮಾಡೋಣವಾ? ಅಷ್ಟರೊಳಗೆ ಪೋಷಕರ ಒಪ್ಪಿಗೆ ಪತ್ರ ಆಗಬೇಕು. ಹಂಚಿನಮನೆ ಮೇಡಂ, ನಿಮ್ಮ ಪತ್ರದ ನಮೂನೆ ಇದ್ದರೆ ಇಲ್ಲೇ ಹಾಕಿ, ನಾನು ಊರಿನ ಹೆಸರು ಬದಲಾಯಿಸಿಕೊಳ್ಳುತ್ತೇನೆ.

ಹಂಚಿನಮನೆ

ಹಾಕುತ್ತೇನೆ. ಯೂನಿಕೋಡಿನಲ್ಲೇ ಇದೆ, ತಾತ ಬೈಯುವುದಿಲ್ಲ.